ಬೆಳಗಿನ ಜಾವ ತಿರುಗದ ಕೀ

ಮೊದಲೇ ಹೇಳಿಬಿಡುತ್ತೇನೆ, ನನಗೆ ಜಂಬ ಸ್ವಲ್ಪ ಜಾಸ್ತಿ. ತುಮಕೂರಿನ ಮಂಡಿಪೇಟೆಯಲ್ಲಿ, ಪುಟ್ಟರಂಗಯ್ಯನ ಕಾಫಿ ಹೋಟೆಲಿನ ಮೆಟ್ಟಿಲ ಪಕ್ಕ ಒಂದು ಮರದ ಪೆಟ್ಟಿಗೆ, ಕೀ ಉಜ್ಜುವ ಹದಿನಾಲ್ಕು ಅರ, ಕೀ ಕಚ್ಚಿ ಹಿಡಿಯುವ ಒಂದು ವೈಸ್ ಇಟ್ಟುಕೊಂಡು ಬೀಗ ರಿಪೇರಿ ಮಾಡುವವನಿಗೆ ಜಂಬ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಬಂದಿತ್ತು, ಏನು ಮಾಡೋಣ. ನನ್ನ ಪೂರ್ತಿ ಹೆಸರು ವೆಂಕಟರಂಗಯ್ಯ. ಹಾಗೆಂದು ಕೇಳಿದರೆ ಊರಲ್ಲಿ ಯಾರೂ ತೋರಿಸುತ್ತಿರಲಿಲ್ಲ. ಕೀ ರಂಗಣ್ಣ ಎಂದರೆ ಸಾಕು, ಬಸ್ ಸ್ಟ್ಯಾಂಡಿನ ಕೂಲಿಯೂ ಕರೆತಂದು ನನ್ನ ಮುಂದೆ ನಿಲ್ಲಿಸುತ್ತಿದ್ದ.

ನನ್ನ ಕೆಲಸದಲ್ಲಿ ಒಂದು ವಿಶೇಷವಿತ್ತು. ಕೀ ಅರೆದು ಮುಗಿಸಿದ ಮೇಲೆ ಬೀಗದ ಬಾಯಿಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ. ನಮ್ಮದು ಅಮೃತೂರಿನ ಕಡೆ ತೆಂಗಿನ ತೋಟದ ಮನೆ. ನಮ್ಮವ್ವ ಹನುಮಕ್ಕನ ಪ್ರಕಾರ ಕೊಬ್ಬರಿ ಎಣ್ಣೆಗೆ ಬಗ್ಗದ ಕಾಯಿಲೆ ಭೂಮಿಯ ಮೇಲೆ ಇಲ್ಲ. ತಲೆಗೆ, ಕಿವಿಗೆ, ಕೂಸಿನ ಹೊಕ್ಕುಳಿಗೆ, ದನದ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ ಎಲ್ಲಕ್ಕೂ ಅದೇ. ಮನೆಯ ಗಾಣದೆಣ್ಣೆಯನ್ನು ಅವಳು ಬಾಟಲಿಗೆ ತುಂಬಿ ಬಸ್ಸಿನಲ್ಲಿ ಕಳಿಸುತ್ತಿದ್ದಳು, ನಾನು ಬೀಗಗಳಿಗೆ ಕುಡಿಸುತ್ತಿದ್ದೆ. ರಂಗಣ್ಣ ಮುಟ್ಟಿದ ಬೀಗ ಘಮ್ಮನ್ನುತ್ತದೆ ಎಂದು ಗಿರಾಕಿಗಳು ಹೊಗಳಿದಾಗ ನಾನು ಇನ್ನಷ್ಟು ಉಬ್ಬುತ್ತಿದ್ದೆ.

ಎಪ್ಪತ್ತೇಳನೇ ಇಸವಿಯ ಕಾರ್ತಿಕ ಮಾಸದಲ್ಲಿ ಒಂದು ಮಧ್ಯಾಹ್ನ, ಸೊಂಟದವರೆಗೂ ನೆನೆದ ಒಬ್ಬ ಮನುಷ್ಯ ಬಂದು ನನ್ನ ಪೆಟ್ಟಿಗೆಯ ಮುಂದೆ ನಿಂತ. ಹೆಸರು ಜುಂಜಪ್ಪ. ಗುಬ್ಬಿಯ ಅಕ್ಕಿ ಗಿರಣಿಯ ಯಜಮಾನರಾದ ಲಕ್ಷ್ಮೀನರಸಿಂಹಯ್ಯನವರ ಅಂಬಾಸಿಡರ್ ಕಾರಿಗೆ ಡ್ರೈವರು. ಯಜಮಾನರ ಮನೆಯವರನ್ನೆಲ್ಲ ಕುಣಿಗಲ್ಲಿಗೆ ಒಂದು ನಾಮಕರಣಕ್ಕೆ ಕರೆದುಕೊಂಡು ಹೋಗಿದ್ದನಂತೆ. ಕೆರೆಯ ಮೆಟ್ಟಿಲ ಮೇಲೆ ಮುಖ ತೊಳೆಯಲು ಬಗ್ಗಿದಾಗ ಅಂಗಿಯ ಜೇಬಿನಲ್ಲಿದ್ದ ಕಾರಿನ ಕೀ ನೀರಿಗೆ ಜಾರಿತು. ಇದ್ದದ್ದು ಒಂದೇ ಕೀ. ಎರಡು ಗಂಟೆ ನೀರಲ್ಲಿ ತಡಕಾಡಿ, ಸಿಗದೆ, ಬಸ್ಸು ಹತ್ತಿ ನನ್ನ ಹತ್ತಿರ ಬಂದಿದ್ದ.

"ಕೆರೇಲಿ ಹುಡುಕ್ದೆ ಕಣಣ್ಣ, ಏಡಿ ಸಿಕ್ತು, ಒಂದು ಚಪ್ಲಿ ಸಿಕ್ತು, ಕೀ ಸಿಗ್ಲಿಲ್ಲ" ಎಂದ. ಅಷ್ಟು ಸಂಕಟದಲ್ಲೂ ಆ ಮಾತು ಹೇಳಿ ತಾನೇ ನಕ್ಕ. ನನಗೆ ಮನುಷ್ಯ ಅಲ್ಲೇ ಹಿಡಿಸಿಬಿಟ್ಟ.

ಪೆಟ್ಟಿಗೆ ಎತ್ತಿಕೊಂಡು ಅವನ ಜೊತೆ ಕುಣಿಗಲ್ಲಿಗೆ ಹೋದೆ. ಡ್ಯಾಶ್‌ಬೋರ್ಡಿನಿಂದ ಬೀಗ ಬಿಚ್ಚಿದೆ. ಹಲ್ಲು ಕೊರೆಯದ ಒಂದು ಖಾಲಿ ಕೀಗೆ ದೀಪದ ಕಪ್ಪು ಹಿಡಿಸಿ ಬೀಗದೊಳಗೆ ತೂರಿಸಿ ಅಲುಗಿಸಿದರೆ, ಒಳಗಿನ ಹಿತ್ತಾಳೆ ಎಸಳುಗಳು ಎಲ್ಲೆಲ್ಲಿ ತಾಗುತ್ತವೋ ಅಲ್ಲಲ್ಲಿ ಕಪ್ಪು ಅಳಿಸುತ್ತದೆ. ಅಳಿಸಿದ ಕಡೆ ಕೂದಲೆಳೆಯಷ್ಟು ಅರೆಯುವುದು, ಮತ್ತೆ ಕಪ್ಪು ಹಿಡಿಸುವುದು, ಮತ್ತೆ ನೋಡುವುದು. ಒಂದೂವರೆ ಗಂಟೆಯಲ್ಲಿ ಹೊಸ ಕೀ ತಿರುಗಿತು. ನಾಮಕರಣಕ್ಕೆ ಬಂದವರೆಲ್ಲ ಕೂಸನ್ನು ಬಿಟ್ಟು ನನ್ನನ್ನು ನೋಡುತ್ತ ನಿಂತಿದ್ದರು. ದೊಡ್ಡ ಮನುಷ್ಯರ ಕಾರು ಎಂಬ ಮರ್ಯಾದೆಗೆ ಎರಡು ತೊಟ್ಟಿನ ಬದಲು ಏಳೆಂಟು ತೊಟ್ಟು ಎಣ್ಣೆ ಬಿಟ್ಟೆ. ಕೀ ಬೆನ್ನಿಗೆ ನನ್ನ ಗುರುತಾಗಿ ಒಂದು ಚುಕ್ಕಿ ಕೊರೆದು ಕೊಟ್ಟು, ಊಟ ಮಾಡಿಕೊಂಡು ಬಂದೆ.

ಕಾರ್ತಿಕ ಕಳೆದು ಚಳಿ ಬಂತು. ಧನುರ್ಮಾಸ ಹಿಡಿದು ಹತ್ತು ದಿನವಾಗಿರಬೇಕು. ಒಂದು ಗುರುವಾರ ನಡುಮಧ್ಯಾಹ್ನ ಅದೇ ಅಂಬಾಸಿಡರ್ ಬಂದು ನನ್ನ ಪೆಟ್ಟಿಗೆಯ ಮುಂದೆ ನಿಂತಿತು. ಹಿಂದಿನ ಬಾಗಿಲು ತೆರೆದು ಲಕ್ಷ್ಮೀನರಸಿಂಹಯ್ಯನವರೇ ಇಳಿದರು. ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

"ಏನಯ್ಯಾ, ಇದೇನು ಕೀನೋ ಆಟದ ಸಾಮಾನೋ?" ಎಂದರು. "ಸುಮಾರು ದಿನ ಬೆಳಗಿನ ಜಾವ ಐದು ಗಂಟೆಗೆ ತಿರುಗಲ್ಲ. ಹತ್ತು ಗಂಟೆಗೆ ತಿರುಗುತ್ತೆ. ನಮ್ಮವ್ವ ಧನುರ್ಮಾಸ ಪೂರ್ತಿ ಗುಡ್ಡದ ನರಸಿಂಹಸ್ವಾಮಿ ಬೆಳಗಿನ ಪೂಜೆಗೆ ಬತ್ತೀನಿ ಅಂತ ಹರಕೆ ಹೊತ್ತವ್ಳೆ. ಎಪ್ಪತ್ತೆರಡು ವರ್ಷದ ಜೀವ. ಹತ್ತು ದಿನದಾಗೆ ಆರು ದಿನ ಎತ್ತಿನ ಗಾಡೀಲಿ ಹೋಗವ್ಳೆ!"

ನನ್ನ ಕೀ ಬಗ್ಗೆ, ಅದೂ ಕಾಫಿ ಹೋಟೆಲಿನ ಮುಂದೆ, ಎಂಟು ಹತ್ತು ಜನ ಲೋಟ ಹಿಡಿದು ನಿಂತಿರುವಾಗ ಹೀಗೆಂದರೆ ನಾನು ಸುಮ್ಮನಿರುವವನೇ? ಜುಂಜಪ್ಪನ ಕೈಯಿಂದ ಕೀ ಕಿತ್ತುಕೊಂಡು ನೋಡಿದೆ. ಬೆನ್ನಿಗೆ ನನ್ನ ಚುಕ್ಕಿ ಇತ್ತು. ಕಾರಿನೊಳಗೆ ಬಗ್ಗಿ ಬೀಗಕ್ಕೆ ತೂರಿಸಿ ತಿರುಗಿಸಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗಿತು. ಇಂಜಿನ್ ಗುರ್ ಎಂದಿತು.

"ನೋಡ್ರಪ್ಪ, ಎಲ್ರೂ ನೋಡ್ರಿ" ಎಂದು ಕೂಗಿದೆ. "ರಂಗಣ್ಣ ಮಾಡಿದ್ ಕೀ ಇದು. ಬೆಳಗ್ಗೆ ಒಂದು, ಮಧ್ಯಾನ ಒಂದು ಆಡೋಕೆ ಇದೇನು ಎಲೆಕ್ಷನ್ ಭಾಷಣವಾ?"

ಹೋಟೆಲಿನವರೆಲ್ಲ ನಕ್ಕರು. ನಾನು ಬೀಗಿದೆ. ಆದರೆ ಯಜಮಾನರು ನಗಲಿಲ್ಲ. ನಿಧಾನವಾಗಿ ಜುಂಜಪ್ಪನ ಕಡೆ ತಿರುಗಿದರು.

"ಹಂಗಾದ್ರೆ ಕೀ ಸರಿಯಾಗೇ ಐತೆ. ಸರಿಯಿಲ್ದಿರೋನು ನೀನು ಕಣ್ಲಾ. ಬೆಳಗ್ಗೆ ನನ್ ಕೈಗೆ ಕೊಡೋದು ಯಾವ್ದೋ ಬೇರೆ ಕೀ. ಹತ್ತು ಗಂಟೆಗೆ ನಿದ್ದೆ ತಿಳಿದ್ಮೇಲೆ ಜೇಬಿಂದ ಇದನ್ನ ತೆಗೀತೀಯ. ಚಳೀಲಿ ಏಳೋಕೆ ಸೋಂಬೇರಿತನ, ಅದುಕ್ಕೆ ಈ ಕಳ್ಳಾಟ. ಕಳ್ಳ ನೀನು!"

ಜುಂಜಪ್ಪ ಎರಡೂ ಕೈ ಮುಗಿದ. "ಯಜಮಾನ್ರೆ, ನನ್ ಮಕ್ಳಾಣೆ, ಕೀ ಇರೋದೊಂದೇ" ಎಂದ. ಆಮೇಲೆ ನನ್ನ ಮುಖ ನೋಡಿದ. "ರಂಗಣ್ಣ, ನೀವಾದ್ರೂ ಹೇಳಿ. ಬೀಗ ಒಂದೊಂದ್ಸಲ ಹಂಗಾಯ್ತದೆ ಅಲ್ವಾ?"

ಅವನಿಗೆ ಬೇಕಾಗಿದ್ದದ್ದು ಒಂದು ಮಾತು. ಆಗಬಹುದು, ನೋಡೋಣ ಎಂದಿದ್ದರೆ ಸಾಕಿತ್ತು. ನನ್ನ ಜಂಬ ನನ್ನ ಬಾಯಿಯಲ್ಲಿ ಏನು ಹೇಳಿಸಿತು ಗೊತ್ತೇ?

"ನಾನು ಮಾಡಿದ ಕೀ ಹಂಗೆಲ್ಲ ಆಗೋ ಮಾತೇ ಇಲ್ಲ."

"ಕೇಳಿಸ್ಕೊಂಡ್ಯಾ?" ಎಂದರು ಯಜಮಾನರು. "ಸೋಮವಾರದ ತಂಕ ನೋಡ್ತೀನಿ. ಸೋಮವಾರ ಬೆಳಗ್ಗೇನೂ ಇದೇ ನಾಟಕ ಆದ್ರೆ ಕೀ ಕೊಟ್ಟು ನಡಿ. ಕಳ್ಳನ್ನ ಮನೇಲಿ ಇಟ್ಕೊಳ್ಳೋಕಾಗಲ್ಲ."

ಜುಂಜಪ್ಪ ಕಾರು ಹತ್ತಿದ. ಕಾರು ಹೋದ ಮೇಲೆ ಪುಟ್ಟರಂಗಯ್ಯ ಕಾಫಿ ಲೋಟ ತಂದು ನನ್ನ ಪೆಟ್ಟಿಗೆಯ ಮೇಲೆ ಕುಕ್ಕಿದ. ಅವನು ನನಗಿಂತ ಹತ್ತು ವರ್ಷ ದೊಡ್ಡವನು, ನನಗೆ ಬೈಯುವ ಹಕ್ಕು ಪಡೆದವನು.

"ಏನ್ಲಾ ರಂಗ, ನಿನ್ ಕೀ ಮರ್ಯಾದೆ ಉಳೀತು. ಆ ಮನ್ಸನ್ ಮರ್ಯಾದೆ?"

"ನಾನೇನ್ ಮಾಡ್ಲಿ? ಕೀ ತಿರುಗ್ತಲ್ಲ."

"ಬೆಳಗಿನ ಜಾವ ತಿರುಗಲ್ಲ ಅಂದ್ರೆ ಬೆಳಗಿನ ಜಾವ ನೋಡ್ಬೇಕಪ್ಪಾ. ಮಟ ಮಟ ಮಧ್ಯಾನ ನೋಡ್ಬುಟ್ಟು ಡಂಗುರ ಹೊಡಿತೀಯಲ್ಲ."

ಆ ಕಾಫಿ ನನಗೆ ಇಳಿಯಲಿಲ್ಲ. ಶುಕ್ರವಾರ ಒಂದು ಟ್ರಂಕಿನ ಬೀಗಕ್ಕೆ ಎರಡು ಸಲ ತಪ್ಪು ಅರೆದೆ. ಶನಿವಾರವೂ ಮನಸ್ಸು ನಿಲ್ಲಲಿಲ್ಲ. ಕೆರೆಯ ನೀರಲ್ಲಿ ಏಡಿ ಸಿಕ್ತು ಎಂದು ನಕ್ಕವನ ಮುಖ ಗುರುವಾರ ಹೇಗಾಗಿತ್ತೋ ಅದೇ ಕಣ್ಣ ಮುಂದೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಪೆಟ್ಟಿಗೆ ಹೊತ್ತು ಗುಬ್ಬಿಯ ಬಸ್ಸು ಹತ್ತಿದೆ.

ಜುಂಜಪ್ಪನ ಮನೆ ಗಿರಣಿಯ ಹಿಂದಿನ ಬೀದಿಯಲ್ಲಿತ್ತು. ಬಾಗಿಲಲ್ಲಿ ಅವರೇಕಾಯಿ ಬಿಡಿಸುತ್ತ ಕುಳಿತಿದ್ದ ಅವನ ಹೆಂಡತಿ ನಿಂಗಮ್ಮ, ನನ್ನ ಪೆಟ್ಟಿಗೆ ನೋಡಿದ್ದೇ ಯಾರೆಂದು ಗುರುತು ಹಿಡಿದಳು.

"ಓಹೋ, ಕೀ ಪಂಡಿತ್ರು! ಇನ್ನೇನು ಬಾಕಿ ಐತೆ ಅಂತ ಬಂದ್ರಣ್ಣ? ನಮ್ಮನೆಯವ್ರು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ."

"ಅದುಕ್ಕೇ ಬಂದೆ ಕಣಮ್ಮ. ನಾಳೆ ಬೆಳಗ್ಗೆ ನಾನೇ ನೋಡ್ತೀನಿ."

"ಗುರುವಾರಾನೇ ಆ ಬುದ್ಧಿ ಬರ್ಬಾರ್ದಿತ್ತಾ?" ಎಂದಳು. ಬೈದರೂ ಉಣ್ಣಲು ಕರೆದಳು. ಅವರೇಕಾಳಿನ ಸಾರು, ಬಿಸಿ ರಾಗಿಮುದ್ದೆ. ಮುದ್ದೆ ಇಕ್ಕುವಾಗ ನನ್ನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಕುಕ್ಕಿದಳು. ನಾನು ಅದನ್ನು ಮರ್ಯಾದೆಯಾಗಿ ನುಂಗಿದೆ.

ಜುಂಜಪ್ಪ ನನ್ನ ಮೇಲೆ ಕೋಪ ಮಾಡಿಕೊಂಡಿದ್ದರೆ ನನಗೆ ಸಲೀಸಾಗುತ್ತಿತ್ತು. ಅವನು ಕೋಪ ಮಾಡಿಕೊಂಡಿರಲಿಲ್ಲ.

"ಕೆಲ್ಸ ಹೋದ್ರೆ ಹೋಗ್ಲಿ ಬುಡಿ ರಂಗಣ್ಣ, ಲಾರಿ ಓಡುಸ್ತೀನಿ" ಎಂದ. "ಆದ್ರೆ ಕಳ್ಳ ಅಂದ್ಬುಟ್ರಲ್ಲ, ಪ್ಯಾಟೆ ಮಧ್ಯೆ ನಿಲ್ಸಿ. ಲಾರಿ ಓಡುಸುದ್ರೂ ಆ ಮಾತು ಹಿಂದೇನೆ ಬತ್ತದೆ. ಗುಬ್ಬೀಲಿ ಆಗ್ಲೇ ಕೇಳ್ತಾವ್ರೆ, ಅದೇನೋ ಕೀ ವಿಷ್ಯವಂತೆ ಅಂತ."

ನಾನು ತಲೆ ಎತ್ತಲಿಲ್ಲ. ಆ ಮಾತಿಗೆ ಕಾರಣ ನಾನೇ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎಷ್ಟರ ಮಟ್ಟಿಗೆ ಕಾರಣ ಎಂಬುದು ಮಾತ್ರ ಇಬ್ಬರಿಗೂ ಇನ್ನೂ ತಿಳಿದಿರಲಿಲ್ಲ.

ಸೋಮವಾರ ನಾಲ್ಕೂವರೆಗೆಲ್ಲ ಗಿರಣಿಯ ಅಂಗಳದಲ್ಲಿದ್ದೆವು. ಕಾರು ಬಯಲಲ್ಲೇ ನಿಂತಿತ್ತು, ಮೈಯೆಲ್ಲ ಇಬ್ಬನಿ. ಆ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಜುಂಜಪ್ಪ ಜೇಬಿನಿಂದ ಕೀ ತೆಗೆದು ನನ್ನ ಕೈಗೆ ಕೊಟ್ಟ. ಟಾರ್ಚ್ ಬಿಟ್ಟು ನೋಡಿದೆ. ನನ್ನ ಚುಕ್ಕಿ ಇತ್ತು. ಇದೇ ಕೀ, ಇನ್ನೊಂದಲ್ಲ. ಬೀಗಕ್ಕೆ ತೂರಿಸಿ ತಿರುಗಿಸಿದೆ.

ತಿರುಗಲಿಲ್ಲ.

ಇನ್ನೊಮ್ಮೆ ತಿರುಗಿಸಿದೆ. ಕಲ್ಲಿನೊಳಗೆ ತೂರಿಸಿದ ಹಾಗಿತ್ತು. ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಅವಮಾನ. ಜುಂಜಪ್ಪ ಸುಳ್ಳು ಹೇಳಿರಲಿಲ್ಲ. ಅಂದರೆ ಹಾಳಾಗಿರುವುದು ನನ್ನ ಕೆಲಸ.

ಅಷ್ಟರಲ್ಲಿ ಯಜಮಾನರು ಮಫ್ಲರ್ ಸುತ್ತಿಕೊಂಡು ಬಂದರು. ಹಿಂದೆಯೇ ಅವರ ತಾಯಿ ಚೆನ್ನಮ್ಮ, ಶಾಲು ಹೊದ್ದು, ಹೂವಿನ ಬುಟ್ಟಿ ಹಿಡಿದು. ನನ್ನನ್ನು ನೋಡಿ ಯಜಮಾನರಿಗೆ ಆಶ್ಚರ್ಯವಾಯಿತು.

"ನೀನ್ಯಾಕಯ್ಯ ಇಲ್ಲಿ?"

"ಕೀ ನನ್ದೇ ಸ್ವಾಮಿ, ಗುರುತು ನೋಡ್ದೆ. ನನ್ ಕೈಲೂ ತಿರುಗ್ಲಿಲ್ಲ. ಒಂದಿಪ್ಪತ್ತು ನಿಮ್ಷ ಕೊಡಿ, ಬೀಗ ಬಿಚ್ಚಿ ನೋಡ್ತೀನಿ. ಪೂಜೆ ಹೊತ್ತಿಗೆ ಸರಿಯಾಗಿ ಹೋಗ್ಬೋದು."

ಬ್ಯಾಟರಿಯ ವೈರು ಕಳಚಿದೆ. ಬೀಗದ ಮುಂದಿನ ಬಳೆ ಬಿಚ್ಚಿ, ಡ್ಯಾಶ್‌ಬೋರ್ಡಿನ ಹಿಂದಿನಿಂದ ಬೀಗವನ್ನು ಹೊರಗೆಳೆದೆ. ಜುಂಜಪ್ಪ ಟಾರ್ಚ್ ಹಿಡಿದಿದ್ದ. ಪಕ್ಕದ ತೂತಿಗೆ ತಂತಿ ಒತ್ತಿ ಒಳಗಿನ ಉರುಳೆಯನ್ನು ಎಳೆದು ತೆಗೆದೆ. ಹಿತ್ತಾಳೆ ಎಸಳುಗಳ ಸಂದಿಯಲ್ಲೆಲ್ಲ ಬೆಳ್ಳಗೆ ಏನೋ ತುಂಬಿಕೊಂಡು ಗಟ್ಟಿಯಾಗಿತ್ತು. ಎಸಳುಗಳನ್ನು ಮೇಲೆ ಕೆಳಗೆ ಆಡಿಸುವ ಸಣ್ಣ ಸ್ಪ್ರಿಂಗುಗಳು ಅದರಲ್ಲಿ ಹೂತುಹೋಗಿದ್ದವು.

ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಯಜಮಾನರು ಕೂಗಿಕೊಂಡರು.

"ಮೇಣ! ಮೇಣ ತುಂಬವ್ನೆ! ನಾನು ಬೇರೆ ಕೀ ಅನ್ಕೊಂಡೆ, ಇವ್ನು ಅದುಕ್ಕಿಂತ ಮುಂದೆ ಹೋಗವ್ನೆ. ಅವ್ವಾ, ನೋಡಿದ್ಯಾ ನಿನ್ ಜುಂಜನ್ನ?"

ಜುಂಜಪ್ಪ ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದ. ನಾನು ಆ ಬಿಳಿಯದನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ಬೆರಳ ಬಿಸಿಗೆ ನೀರಾಯಿತು. ಮೂಗಿಗೆ ಹಿಡಿದೆ. ಅಮೃತೂರಿನ ನಮ್ಮ ಮನೆಯ ಅಡುಗೆ ಕೋಣೆಯಲ್ಲಿ ನಿಂತ ಹಾಗಾಯಿತು.

ನಮ್ಮವ್ವನ ಕೊಬ್ಬರಿ ಎಣ್ಣೆ. ಕುಣಿಗಲ್ಲಿನಲ್ಲಿ ಮರ್ಯಾದೆಗೆಂದು ನಾನೇ ಬಿಟ್ಟ ಏಳೆಂಟು ತೊಟ್ಟು. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ಬಿಸಿಲೇರಿದರೆ ಕಾರೊಳಗೂ ಬಿಸಿ, ಬೀಗವೂ ಬಿಸಿ, ಎಣ್ಣೆ ಕರಗುತ್ತದೆ, ಕೀ ತಿರುಗುತ್ತದೆ. ನಾನು ಪೆಟ್ಟಿಗೆ ತೆರೆಯುವುದೇ ಹತ್ತು ಗಂಟೆಗೆ, ಬಿಸಿಲಲ್ಲಿ. ನನ್ನ ಬಾಟಲಿಯ ಎಣ್ಣೆ ಯಾವತ್ತೂ ನನಗೆ ಗಟ್ಟಿಯಾಗಿ ಕಂಡಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದ ಎನ್ನುತ್ತಾರಲ್ಲ, ಆ ಹೆಗ್ಗಣ ನನ್ನ ಎಲೆಯಲ್ಲಿ ಕಾಲು ಚಾಚಿ ಮಲಗಿತ್ತು.

ನಿಜ ಹೇಳುತ್ತೇನೆ, ಒಂದು ಕ್ಷಣ ಬಾಯಿ ಮುಚ್ಚಿಕೊಂಡೆ. ಏನೋ ಜಿಡ್ಡು, ತೊಳೆದುಬಿಡುತ್ತೇನೆ ಎಂದರೆ ನನ್ನ ಹೆಸರಿಗೆ ಏನೂ ಆಗುವುದಿಲ್ಲ. ಯಜಮಾನರು ಮೇಣ ಎಂದು ತಾವೇ ತೀರ್ಮಾನ ಮಾಡಿದ್ದರು. ಬೀಗ ಕೆಡಿಸಿದವನು ಕೀ ರಂಗಣ್ಣ ಎಂದು ತುಮಕೂರಿಗೆ ಗೊತ್ತಾದರೆ ನಾಳೆಯಿಂದ ಯಾರು ನನ್ನ ಮುಂದೆ ಬೀಗ ಇಡುತ್ತಾರೆ? ಹೆಂಡತಿ ಮಕ್ಕಳ ಮುಖ ನೆನಪಾಯಿತು. ತಲೆ ಎತ್ತಿದರೆ ಜುಂಜಪ್ಪನ ಮುಖ ಎದುರಿಗಿತ್ತು. ಅವನು ನನ್ನನ್ನು ಏನೂ ಕೇಳಲಿಲ್ಲ. ಗುರುವಾರ ಕೇಳಿ ಸಿಕ್ಕ ಉತ್ತರವೇ ಅವನಿಗೆ ಸಾಕಾಗಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

"ಮೇಣ ಅಲ್ಲ ಸ್ವಾಮಿ" ಎಂದೆ. "ಕೊಬ್ರಿ ಎಣ್ಣೆ. ನಾನೇ ಬಿಟ್ಟಿದ್ದು. ಚಳೀಗೆ ಹೆಪ್ಪುಗಟ್ಟೈತೆ. ತಪ್ಪು ನನ್ದು. ಈ ಮನುಷ್ಯಂದು ಒಂದು ಚೂರೂ ಇಲ್ಲ."

ಯಜಮಾನರು ನಂಬಲಿಲ್ಲ. "ಇವ್ನನ್ನ ಉಳಿಸೋಕೆ ಹೇಳ್ತಿದೀಯ. ರಾತ್ರಿ ಇವ್ರ ಮನೇಲೇ ಉಂಡಿರ್ಬೇಕಲ್ವಾ ನೀನು?"

ನಾನು ಪೆಟ್ಟಿಗೆಯಿಂದ ನನ್ನ ಬಾಟಲಿ ತೆಗೆದೆ. ಬಿರಡೆ ಕಿತ್ತು ತಲೆಕೆಳಗು ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ. ಒಳಗೆ ಎಣ್ಣೆ ಬೆಳ್ಳಗೆ ಕಲ್ಲಾಗಿತ್ತು. ಚೆನ್ನಮ್ಮ ಬಾಟಲಿ ಇಸಕೊಂಡು ಮೂಸಿ ನೋಡಿದರು, ಬೀಗದ ಉರುಳೆಯನ್ನೂ ಮೂಸಿ ನೋಡಿದರು. ಆಮೇಲೆ ಕಿಲಕಿಲ ನಕ್ಕುಬಿಟ್ಟರು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಾನು ದಿನಾ ಬೆಳಗ್ಗೆ ಬಾಟ್ಲೀನ ಬಿಸ್ನೀರ್ ಚೊಂಬಲ್ಲಿಟ್ಟು ಕರಗಿಸ್ಕಂಡು ತಲೆಗೆ ಹಚ್ಕತೀನಿ. ಮುದುಕಿಗೆ ಇರೋ ಬುದ್ಧಿ ನಿಂಗೆ ಇಲ್ದೆ ಹೋಯ್ತಲ್ಲಪ್ಪಾ. ಯಾವೂರು ನಿಂದು?"

"ಅಮೃತೂರು ಕಡೆ ಕಣವ್ವ."

"ತೆಂಗಿನ್ ತೋಟದೋನು ಬೇರೆ!" ಎಂದು ಮತ್ತೆ ನಕ್ಕರು.

ಗಿರಣಿಯಿಂದ ಸ್ವಲ್ಪ ಸೀಮೆಎಣ್ಣೆ ತರಿಸಿ ಉರುಳೆಯನ್ನು ಮೂರು ಸಲ ತೊಳೆದೆ. ಎಸಳು ಎಸಳನ್ನೂ ಬಟ್ಟೆಯಲ್ಲಿ ಒರೆಸಿದೆ. ಯಜಮಾನರ ಜೇಬಿನಲ್ಲಿದ್ದ ಪೆನ್ಸಿಲ್ ಕೇಳಿ ಪಡೆದು, ಅದರ ಸೀಸವನ್ನು ಕೆರೆದು ಪುಡಿ ಮಾಡಿ, ಕೀಗೆ ಸವರಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿದೆ. ಅದು ಒಣ ಪುಡಿ, ಚಳಿಗೂ ಹೆದರುವುದಿಲ್ಲ, ಬಿಸಿಲಿಗೂ ಹೆದರುವುದಿಲ್ಲ. ಬೀಗ ಕೂಡಿಸಿ, ವೈರು ಹಾಕಿ, ಕೀ ತಿರುಗಿಸಿದೆ. ಕತ್ತಲು ಇನ್ನೂ ಹರಿದಿರಲಿಲ್ಲ, ಕಾರು ಒಂದೇ ಸಲಕ್ಕೆ ಎದ್ದಿತು.

"ಸರಿ ಸರಿ, ಹೊತ್ತಾಯ್ತು, ಹತ್ಲಾ ಜುಂಜ" ಎಂದರು ಯಜಮಾನರು, ಏನೂ ಆಗೇ ಇಲ್ಲವೆಂಬಂತೆ.

ಜುಂಜಪ್ಪ ಹತ್ತಲಿಲ್ಲ. ಟಾರ್ಚ್ ಆರಿಸಿ ಕಾರಿನ ಮೇಲಿಟ್ಟ.

"ಯಜಮಾನ್ರೆ, ಇವತ್ತು ಅವ್ವಾರ ಹರಕೆಗೋಸ್ಕರ ಗಾಡಿ ಓಡುಸ್ತೀನಿ. ಅವರ್ದೇನೂ ತಪ್ಪಿಲ್ಲ. ಆದ್ರೆ ಕಳ್ಳ ಅಂದಿದ್ದು ತುಮಕೂರ್ನಾಗೆ. ನಮ್ಮೂರ ನ್ಯಾಯ ನಿಮ್ಗೂ ಗೊತ್ತು. ಎಲ್ಲಿ ಹೊರಿಸಿದ್ರೋ ಅಲ್ಲೇ ಇಳಿಸ್ಬೇಕು."

ಯಜಮಾನರು ಬಾಯಿ ತೆರೆದರು. ಚೆನ್ನಮ್ಮ ಅಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಾಗಿತ್ತು. "ಮೊದ್ಲು ಸ್ವಾಮಿ, ಆಮೇಲೆ ನ್ಯಾಯ. ಹತ್ರೋ ಎಲ್ರೂ" ಎಂದರು. ನಾನೂ ಮುಂದಿನ ಸೀಟು ಹತ್ತಿದೆ.

ಗುಡ್ಡದ ಮೇಲೆ ಮಂಗಳಾರತಿಗೆ ಸರಿಯಾಗಿ ತಲುಪಿದೆವು. ಬಾಳೆ ಎಲೆಯಲ್ಲಿ ಬಿಸಿ ಹುಗ್ಗಿ ಕೊಟ್ಟರು, ಮೆಣಸು ಹಲ್ಲಿಗೆ ಸಿಕ್ಕಿ ಚಳಿ ಓಡಿಹೋಯಿತು. ಗುಡ್ಡ ಇಳಿದು ಬಂದೆವು. ಟಾರ್ ರಸ್ತೆ ಸಿಕ್ಕಿದಲ್ಲಿ ಎಡಕ್ಕೆ ಗುಬ್ಬಿ, ಬಲಕ್ಕೆ ತುಮಕೂರು. ಜುಂಜಪ್ಪ ಕಾರು ನಿಲ್ಲಿಸಿ, ಹಿಂದೆ ತಿರುಗಿ ನೋಡದೆ ಕಾದ.

ಯಜಮಾನರು ಮಫ್ಲರಿನ ತುದಿ ತಿರುಚುತ್ತ ಕುಳಿತರು. ಎರಡು ಲಾರಿ ಹಾರ್ನ್ ಹೊಡೆದು ದಾಟಿ ಹೋದವು.

"ಬಲಕ್ಕೆ ತಿರುಗಿಸೋ ಜುಂಜ" ಎಂದರು ಚೆನ್ನಮ್ಮ. "ಗಂಡ್ಸು ಕೂತ್ಕಂಡು ಯೋಚ್ನೆ ಮಾಡಿದ್ರೆ ಸಂಜೆ ಆಯ್ತದೆ."

ಕಾಫಿ ಹೋಟೆಲಿನ ಮುಂದೆ ಕಾರು ನಿಂತಾಗ ಒಂಬತ್ತು ಗಂಟೆ, ಜನ ತುಂಬಿದ್ದ ಹೊತ್ತು. ಗುರುವಾರ ಲೋಟ ಹಿಡಿದು ನಕ್ಕವರಲ್ಲಿ ಅರ್ಧ ಜನ ಅಲ್ಲೇ ಇದ್ದರು. ಜುಂಜಪ್ಪ ಇಂಜಿನ್ ಆರಿಸಿದ. ಕೀ ಕಿತ್ತು, ಇಳಿದು, ಹಿಂದಿನ ಬಾಗಿಲು ತೆರೆದು, ಯಜಮಾನರ ಅಂಗೈಯಲ್ಲಿ ಕೀ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ.

ಗಿರಣಿಯ ಯಜಮಾನರು ಇಳಿದರು. ಮಫ್ಲರ್ ಸರಿಮಾಡಿಕೊಂಡರು. ಕೆಮ್ಮಿದರು. ಆ ಮನುಷ್ಯ ಜೀವಮಾನದಲ್ಲಿ ಯಾರಿಗೂ ತಗ್ಗಿ ಮಾತಾಡಿದವರಲ್ಲ ಎಂದು ಮುಖವೇ ಹೇಳುತ್ತಿತ್ತು.

"ಏನಂದ್ರೆ... ಮೊನ್ನೆ ಗುರುವಾರ... ನಾನು ಇವ್ನಿಗೆ ಒಂದು ಮಾತಂದಿದ್ದೆ..." ಎಂದು ಗೊಣಗಿದರು.

"ಕೇಳುಸ್ಲಿಲ್ಲ ಸ್ವಾಮಿ" ಎಂದ ಪುಟ್ಟರಂಗಯ್ಯ ಒಲೆಯ ಹಿಂದಿನಿಂದ, ಬಹಳ ವಿನಯದಿಂದ.

"ಗಟ್ಟಿಯಾಗಿ ಹೇಳೋ!" ಎಂದರು ಕಾರಿನೊಳಗಿನಿಂದ ಚೆನ್ನಮ್ಮ. "ಬೈಯುವಾಗ ಗಂಟ್ಲು ಚೆನ್ನಾಗೇ ಇತ್ತಲ್ಲ."

ಯಜಮಾನರು ಕಣ್ಣು ಮುಚ್ಚಿ ತೆರೆದರು. ಈ ಸಲ ಬೀದಿಯ ಆಚೆಗೂ ಕೇಳುವಂತೆ ಹೇಳಿದರು.

"ಜುಂಜಪ್ಪ ಕಳ್ಳ ಅಂದೆ. ಅವ್ನು ಕಳ್ಳ ಅಲ್ಲ. ಸುಳ್ಳೂ ಹೇಳಿಲ್ಲ. ನಾನು ವಿಚಾರಿಸ್ದೇನೇ ಕಳ್ಳ ಅಂದೆ. ತಪ್ಪಾಯ್ತು."

ಜುಂಜಪ್ಪ ತಲೆ ಬಗ್ಗಿಸಿದ್ದ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಇನ್ನು ನನ್ನ ಸರದಿ. ಯಾರೂ ನನ್ನನ್ನು ಕೇಳಿರಲಿಲ್ಲ. ಸುಮ್ಮನೆ ಪೆಟ್ಟಿಗೆ ಇಳಿಸಿಕೊಂಡು ಕುಳಿತಿದ್ದರೂ ನಡೆಯುತ್ತಿತ್ತು. ಆದರೆ ಗುರುವಾರ ಡಂಗುರ ಹೊಡೆದವನು ನಾನು. ಹೋಟೆಲಿನ ಮೆಟ್ಟಿಲು ಹತ್ತಿ ನಿಂತೆ.

"ಎಲ್ರೂ ಕೇಳ್ರಪ್ಪ. ಆ ಬೀಗ ಕೆಡಿಸ್ದೋನು ನಾನು. ಕೊಬ್ರಿ ಎಣ್ಣೆ ಬಿಟ್ಟು ಕೆಡಿಸ್ದೆ. ನನ್ ಕೀ ಕೆಡೋ ಮಾತೇ ಇಲ್ಲ ಅಂತ ಜಂಬ ಕೊಚ್ಚಿ ಈ ಜುಂಜಪ್ಪನ ತಲೆ ಮೇಲೆ ಹಾಕ್ದೆ. ನಿಮ್ಮನೇಲಿ ನಾನು ಎಣ್ಣೆ ಬಿಟ್ಟಿರೋ ಬೀಗ ಏನಾದ್ರೂ ಇದ್ರೆ ತಗೊಂಬನ್ನಿ, ಬಿಚ್ಚಿ ತೊಳ್ದು ಕೊಡ್ತೀನಿ. ಜುಂಜಪ್ಪ, ತಪ್ಪಾಯ್ತು ಕಣಪ್ಪ."

ಮೂಲೆಯಲ್ಲಿದ್ದ ಒಬ್ಬ ಜವಳಿ ಅಂಗಡಿಯವನು, "ಅದುಕ್ಕಾ ನಮ್ಮನೆ ಗೋದ್ರೇಜು ಬೆಳಗ್ಗೆ ಬಾಗ್ಲು ಬಿಡೋದಿಲ್ಲ!" ಎಂದ. ಮೊದಲು ಪುಟ್ಟರಂಗಯ್ಯ ನಕ್ಕ, ಆಮೇಲೆ ಹೋಟೆಲೇ ನಕ್ಕಿತು. ನನಗೆ ನಗು ಬರಲಿಲ್ಲ. ಹೆಸರು ಹೋಯಿತು ಎಂದುಕೊಂಡೆ. ಇಪ್ಪತ್ತು ವರ್ಷ ಅರೆದು ಅರೆದು ಮಾಡಿಕೊಂಡ ಹೆಸರು.

ಜುಂಜಪ್ಪ ನನ್ನ ಹತ್ತಿರ ಬಂದ. ಬೈಯುತ್ತಾನೆ ಎಂದುಕೊಂಡು ನಿಂತೆ, ಬೈದರೆ ಬೈಯಲಿ ಎಂದೂ ಅನ್ನಿಸಿತ್ತು. ಅವನು ಯಜಮಾನರ ಕಡೆ ಕೈ ಚಾಚಿ ಕೀ ಇಸಕೊಂಡು, ಅದನ್ನು ನನ್ನ ಪೆಟ್ಟಿಗೆಯ ಮೇಲೆ ಇಟ್ಟ. ಅಷ್ಟೂ ಜನರಿಗೆ ಕೇಳುವ ಹಾಗೆ ಹೇಳಿದ.

"ರಂಗಣ್ಣ, ಇದರಂಗೇ ಇನ್ನೊಂದು ಕೀ ಮಾಡ್ಕೊಡಿ. ಒಂದು ನನ್ತಾವ ಇರ್ಲಿ, ಒಂದು ಯಜಮಾನ್ರ ತಾವ ಇರ್ಲಿ. ಇನ್ಮೇಲೆ ಯಾರ್ಗೂ ಯಾರ್ ಮ್ಯಾಲೂ ಅನ್ಮಾನ ಬರೋದು ಬ್ಯಾಡ."

"ನನ್ ಕೈಲೇ ಮಾಡಿಸ್ಕೋತೀಯಾ?" ಎಂದೆ.

"ಇನ್ಯಾರ್ ಕೈಲಿ? ಈ ಊರ್ನಾಗೆ ಕೀ ಮಾಡೋರು ಇನ್ಯಾರವ್ರೆ?"

ಅದು ಸುಳ್ಳು. ಸಂತೆ ಮೈದಾನದ ಹತ್ತಿರ ಇನ್ನೂ ಇಬ್ಬರಿದ್ದರು, ಅದು ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿ ಕುಳಿತು ಖಾಲಿ ಕೀಯೊಂದನ್ನು ವೈಸಿಗೆ ಕಚ್ಚಿಸಿದೆ.

ಆ ಕೀ ಅರೆಯಲು ಎಂದಿಗಿಂತ ಎರಡರಷ್ಟು ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಚೆನ್ನಮ್ಮನವರು ಕಾರಿನಲ್ಲೇ ಕುಳಿತು ಎರಡು ಲೋಟ ಕಾಫಿ ಕುಡಿದರು. ಮುಗಿದ ಮೇಲೆ ಜುಂಜಪ್ಪ ಕೀ ಎತ್ತಿಕೊಂಡು ಹೋಗಿ ಬೀಗಕ್ಕೆ ತೂರಿಸಿ ತಿರುಗಿಸಿದ. ಕಾರು ಎದ್ದಿತು. ಇಂಜಿನ್ ಆರಿಸಿ, ಇಳಿದು ಬಂದು, ಹೊಸ ಕೀಯನ್ನು ಯಜಮಾನರ ಮುಂದೆ ಹಿಡಿದ.

"ಇದು ನಿಮ್ದು" ಎಂದ.

ಲಕ್ಷ್ಮೀನರಸಿಂಹಯ್ಯನವರು ಅದನ್ನು ಎರಡೂ ಕೈ ಒಡ್ಡಿ ಇಸಕೊಂಡರು.